ನಾಲ್ಕು ಹೀಟರ್ ಪ್ಲಗ್, ಒಂದು ಚಳಿಗಾಲ

ಇದು ಕಾರಿನ ವಿಮರ್ಶೆ ಅಲ್ಲ. ಬಾನೆಟ್ ಎತ್ತಿದರೂ ಸುಲಭಕ್ಕೆ ಕಣ್ಣಿಗೆ ಬೀಳದ, ಪೆನ್ಸಿಲ್ ದಪ್ಪದ ನಾಲ್ಕು ಕಬ್ಬಿಣದ ಕಡ್ಡಿಗಳ ವಿಮರ್ಶೆ. ಚಳಿಯಲ್ಲಿ ಡೀಸೆಲ್ ಇಂಜಿನ್ ಸ್ಟಾರ್ಟ್ ಆಗಲು ಸಿಲಿಂಡರಿನೊಳಗೆ ಬಿಸಿ ಕೊಡೋದು ಇವುಗಳ ಕೆಲಸ. ಡಬ್ಬಿ ಮೇಲೆ ಗ್ಲೋ ಪ್ಲಗ್ ಅಂತ ಬರೆದಿರುತ್ತೆ, ಗ್ಯಾರೇಜಿನಲ್ಲಿ ಹೀಟರ್ ಅಂದರೇನೇ ಅರ್ಥ ಆಗೋದು. ಹಾಕಿಸಿ ಒಂದು ಚಳಿಗಾಲ ಪೂರ್ತಿ ಕಳೀತು. ಐದಕ್ಕೆ ನಾಲ್ಕು ಸ್ಟಾರ್. ಹೋದ ಒಂದು ಸ್ಟಾರ್ ಡಬ್ಬಿಯ ಲೆಕ್ಕಕ್ಕೆ, ಪ್ಲಗ್ಗಿನ ಲೆಕ್ಕಕ್ಕಲ್ಲ.

ನಾನು ನರ್ಸ್. ಬೆಳಗಿನ ಪಾಳಿ ಇದ್ದರೆ 5.15ಕ್ಕೆಲ್ಲ ಮನೆ ಬಿಡಬೇಕು. ನನ್ನದು ಒಂಬತ್ತು ವರ್ಷದ, ನಾಲ್ಕು ಸಿಲಿಂಡರಿನ 1.5 ಲೀಟರ್ ಕಾಮನ್ ರೈಲ್ (ಡೀಸೆಲ್ ಸಿಂಪಡಿಕೆಯನ್ನು ಕಂಪ್ಯೂಟರ್ ನೋಡಿಕೊಳ್ಳುವ) ಡೀಸೆಲ್ ಕಾರು. 1,40,000 ಕಿಲೋಮೀಟರ್ ಓಡಿದೆ. ಹೋದ ವರ್ಷದ ಚಳಿ ಶುರುವಾದಾಗ ಇದರ ನಾಟಕವೂ ಶುರುವಾಯಿತು. ಹೊರಗೆ 4 ಡಿಗ್ರಿ. ಕೀ ತಿರುಗಿಸಿದರೆ ಮೀಟರಿನಲ್ಲಿ ಸುರುಳಿಯ ಹಳದಿ ದೀಪ ಹತ್ತುತ್ತೆ, ಆರುತ್ತೆ. ಸೆಲ್ಫ್ ಹೊಡೆದರೆ ಗರ್ ಗರ್ ಗರ್ ಅಂತ ತಿರುಗಿ ತಿರುಗಿ, ಇನ್ನೇನು ಬಿಡೋಣ ಅನ್ನುವಾಗ ಎರಡು ಸಿಲಿಂಡರ್ ಹತ್ತಿಕೊಳ್ಳುತ್ತೆ. ಉಳಿದೆರಡು ಮಲಗಿಯೇ ಇರುತ್ತೆ. ಒಂದು ಕಾಲು ಮುರಿದ ಸ್ಟೂಲಿನ ಮೇಲೆ ಕೂತ ಹಾಗೆ ಇಡೀ ಗಾಡಿ ಅಲ್ಲಾಡುತ್ತೆ. ಹಿಂದೆ ಬಿಳಿ ಹೊಗೆ, ಅದೂ ಕಣ್ಣು ಉರಿಸುವ ವಾಸನೆಯದ್ದು. ಪಕ್ಕದ ಮನೆ ಅಜ್ಜಿ ಕಿಟಕಿ ಮುಚ್ಚುತ್ತಾ, "ನಿನ್ನ ಗಾಡಿಗೆ ಕೆಮ್ಮು ಬಂದಿದೆ ಕಣೇ. ನೀನು ನರ್ಸ್ ಆಗಿದ್ದುಕೊಂಡು ಅದಕ್ಕೊಂದು ಔಷಧಿ ಕೊಡೋಕಾಗಲ್ವಾ?" ಅಂದರು.

ಒಂದು ನಿಮಿಷ ಅಲ್ಲಾಡಿ ಅಲ್ಲಾಡಿ ಆಮೇಲೆ ಏನೂ ಆಗಿಲ್ಲ ಅನ್ನುವಂತೆ ಓಡುತ್ತಿತ್ತು. ಪಾಳಿ ಮುಗಿಸಿ ಮಧ್ಯಾಹ್ನ ಬಂದರೆ ಅರ್ಧ ಸುತ್ತಿಗೆ ಸ್ಟಾರ್ಟ್. ಈ ಒಂದು ವಿಷಯ ನಾನು ಆಗಲೇ ಗಮನಿಸಬೇಕಿತ್ತು. ಜ್ವರ ರಾತ್ರಿ ಮಾತ್ರ ಬರುತ್ತೆ ಅಂತ ರೋಗಿ ಹೇಳಿದರೆ ನಾವು ಬರೆದಿಟ್ಟುಕೊಳ್ಳುತ್ತೇವೆ. ಕಾರು ಅದನ್ನೇ ಹೇಳಿದರೆ ಕಿವಿಗೆ ಹಾಕಿಕೊಳ್ಳಲ್ಲ.

ಮೊದಲು ಹೋದ ಗ್ಯಾರೇಜಿನಲ್ಲಿ ಕಾರಿನ ಕಂಪ್ಯೂಟರಿನಿಂದ ತಪ್ಪು ಓದುವ ಸ್ಕ್ಯಾನರ್ ಹಾಕಿದರು. ಒಂದೂ ತಪ್ಪು ಇಲ್ಲ. "ಬ್ಯಾಟರಿ ಮೇಡಂ, ಚಳಿಗೆ ತಡೀತಿಲ್ಲ" ಅಂತ ಹೊಸ ಬ್ಯಾಟರಿ ಹಾಕಿದರು. ಮರುದಿನ ಬೆಳಿಗ್ಗೆ ಗರ್ ಗರ್ ಇನ್ನೂ ಜೋರಾಯಿತು, ಅಷ್ಟೇ ವ್ಯತ್ಯಾಸ. ಮತ್ತೆ ಹೋದೆ. ಈ ಸಲ ಇಂಜೆಕ್ಟರ್ ಬಿಚ್ಚಿ ಟೆಸ್ಟಿಗೆ ಕಳಿಸಬೇಕು ಅಂದರು. ಅಷ್ಟು ಹೊತ್ತಿಗೆ ನನ್ನ ತಮ್ಮ ಒಂದು ಡಬ್ಬಿ ಸ್ಟಾರ್ಟಿಂಗ್ ಸ್ಪ್ರೇ ಹಿಡಿದುಕೊಂಡು ಬಂದ. "ಅಕ್ಕಾ, ಏರ್ ಫಿಲ್ಟರ್ ಹತ್ರ ಇದನ್ನ ಒಂದು ಸಲ ಪುಸ್ ಅನ್ನಿಸು, ಬೆಂಕಿ ಥರ ಹತ್ತುತ್ತೆ." ಬೆಂಕಿ ಥರ ಹತ್ತೋದೇ ತೊಂದರೆ ಅಂತ ಆಮೇಲೆ ಗೊತ್ತಾಯಿತು. ಅದರಲ್ಲಿ ಇರೋದು ಈಥರ್. ಡೀಸೆಲ್‌ಗಿಂತ ಎಷ್ಟೋ ಕಡಿಮೆ ಶಾಖಕ್ಕೆ ಹೊತ್ತಿಕೊಳ್ಳುತ್ತೆ. ಒಳಗೆ ಕೆಂಪಗೆ ಕಾದ ಹೀಟರ್ ತುದಿ ಇದ್ದರೆ ಪಿಸ್ಟನ್ ಮೇಲೆ ಬರುವ ಮೊದಲೇ ಸಿಡಿಯುತ್ತೆ. ಪಿಸ್ಟನ್ನೋ ಕನೆಕ್ಟಿಂಗ್ ರಾಡೋ ಹೋಗುವ ಅಪಾಯ ಇದೆ. ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಈ ಸ್ಪ್ರೇ ಹೊಡೆಯಲೇಬಾರದು. ಡಬ್ಬಿ ಈಗಲೂ ತಮ್ಮನ ಮನೆಯಲ್ಲಿದೆ, ತುಂಬಿದ ಹಾಗೇ.

ಕೊನೆಗೆ ರೋಗ ಹಿಡಿದದ್ದು ನನ್ನ ಜೊತೆ ಕೆಲಸ ಮಾಡುವವರ ಗಂಡ. ಲಾರಿ, ಜನರೇಟರ್ ರಿಪೇರಿ ಮಾಡುವವರು, ಸ್ಕ್ಯಾನರ್ ಇಟ್ಟುಕೊಂಡವರಲ್ಲ. ನಾನು ಎಲ್ಲ ಹೇಳಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು. "ಸಿಸ್ಟರ್, ಹೀಟರ್ ನೋಡಿದ್ರಾ?"

"ದೀಪ ಸರಿಯಾಗಿ ಹತ್ತಿ ಆರುತ್ತಲ್ಲ ಅಣ್ಣ."

"ದೀಪ ಗಡಿಯಾರ ಇದ್ದ ಹಾಗೆ ಸಿಸ್ಟರ್. ಇಷ್ಟು ಸೆಕೆಂಡ್ ಆಯ್ತು ಅಂತ ಹೇಳುತ್ತೆ. ಪ್ಲಗ್ ಕಾದಿದೆಯೋ ಸತ್ತಿದೆಯೋ ಅದಕ್ಕೇನು ಗೊತ್ತು?"

ನಾನು ಇಷ್ಟೆಲ್ಲ ಬರೆಯುತ್ತಿರೋದು ಈ ಒಂದು ಮಾತಿಗೆ. ಒಂಬತ್ತು ವರ್ಷ ಆ ದೀಪ ಆರಿದರೆ ಒಳಗೆ ಬಿಸಿಯಾಗಿದೆ ಅಂತಲೇ ನಂಬಿದ್ದೆ. ನನ್ನ ಕಾರಿನಂಥ, ಸಾದಾ ರಿಲೇ (ಹೀಟರಿಗೆ ಕರೆಂಟ್ ಬಿಡುವ ಸ್ವಿಚ್) ಇರುವ ಹಳೆಯ ಗಾಡಿಗಳಲ್ಲಿ ಕಂಪ್ಯೂಟರ್ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ನೀರು, ಎಷ್ಟು ತಣ್ಣಗಿದೆ ನೋಡಿ ಲೆಕ್ಕ ಹಾಕಿ ದೀಪ ಉರಿಸುತ್ತೆ, ಅಷ್ಟೇ. ಪ್ಲಗ್ಗುಗಳನ್ನು ಒಂದೊಂದಾಗಿ ವಿಚಾರಿಸೋದಿಲ್ಲ. ಸ್ಕ್ಯಾನರಿನಲ್ಲಿ ಏನೂ ಬರದಿದ್ದದ್ದೂ ಅದಕ್ಕೇ. ಈಚಿನ ಕಾರುಗಳಲ್ಲಿ ಪ್ರತಿ ಪ್ಲಗ್ಗನ್ನೂ ನೋಡಿಕೊಳ್ಳುವ ಮಾಡ್ಯೂಲ್ ಇರುತ್ತೆ. ಯಾವುದು ಸತ್ತಿದೆ ಅಂತ ಪಿ0671ರಿಂದ ಪಿ0674ರವರೆಗಿನ ಕೋಡಿನಲ್ಲಿ ಸಿಲಿಂಡರ್ ಸಮೇತ ಹೇಳುತ್ತೆ. ಆ ಭಾಗ್ಯ ನನಗಿಲ್ಲ.

ಡೀಸೆಲ್ ಇಂಜಿನ್ನಿಗೆ ಕಿಡಿ ಹೊಡೆಯುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನೈದರಿಂದ ಇಪ್ಪತ್ತರಷ್ಟು ಪಾಲು ಅದುಮಿದಾಗ ಬರುವ ಬಿಸಿಯಲ್ಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಬಿಸಿ ಇಂಜಿನ್ನಿನಲ್ಲಿ ಆ ಗಾಳಿ 500 ಡಿಗ್ರಿ ದಾಟುತ್ತೆ. ಚಳಿಯಲ್ಲಿ ರಾತ್ರಿಯಿಡೀ ನಿಂತ ಇಂಜಿನ್ನಿನಲ್ಲಿ ಸುತ್ತಲಿನ ತಣ್ಣನೆ ಲೋಹ ಆ ಬಿಸಿಯನ್ನು ಹೀರಿಕೊಂಡುಬಿಡುತ್ತೆ. ಎಣ್ಣೆ ಗಟ್ಟಿ, ಸೆಲ್ಫ್ ನಿಧಾನ, ನಿಧಾನ ತಿರುಗಿದಷ್ಟೂ ಪಿಸ್ಟನ್ ಸುತ್ತಲಿನ ರಿಂಗುಗಳ ಸಂದಿಯಿಂದ ಗಾಳಿ ಸೋರುತ್ತೆ. ನಮ್ಮ ವಾರ್ಡಿನಲ್ಲಿ ಆಗತಾನೇ ಹುಟ್ಟಿದ ಮಗುವನ್ನು ವಾರ್ಮರ್ ಕೆಳಗೆ ಇಡುತ್ತೇವಲ್ಲ, ಈ ಹೀಟರ್ ಅದೇ ಕೆಲಸ ಮಾಡುತ್ತೆ. ಸಿಲಿಂಡರಿನೊಳಗೆ ತೂರಿಕೊಂಡಿರುವ ಅದರ ತುದಿ ಕೆಲವೇ ಸೆಕೆಂಡಿನಲ್ಲಿ 900-1000 ಡಿಗ್ರಿಗೆ ಕಾಯುತ್ತೆ, ಡೀಸೆಲ್ ಸಿಂಪಡಿಕೆಯ ಅಂಚು ಅದನ್ನು ತಾಕಿ ಹೊತ್ತಿಕೊಳ್ಳುತ್ತೆ. ಮಗು ಅತ್ತ ತಕ್ಷಣ ವಾರ್ಮರ್ ತೆಗೆಯಲ್ಲ, ಇಲ್ಲೂ ಹಾಗೇ. ಇಂಜಿನ್ ಹತ್ತಿದ ಮೇಲೂ ಕೆಲವು ಸೆಕೆಂಡಿನಿಂದ ಎರಡು ಮೂರು ನಿಮಿಷದವರೆಗೆ, ಚಳಿ ನೋಡಿಕೊಂಡು, ಪ್ಲಗ್ ಕಾದೇ ಇರುತ್ತೆ. ಬೆಳಗಿನ ಬಿಳಿ ಹೊಗೆ ಮತ್ತು ಟಕಟಕ ಸದ್ದು ಕಡಿಮೆಯಾಗೋದು ಅದರಿಂದ. ಅಂದಹಾಗೆ ಆ ಬಿಳಿ ಹೊಗೆ ನೀರಿನ ಆವಿಯಷ್ಟೇ ಅಂತ ನಾನು ತಿಳಿದಿದ್ದೆ. ಕಣ್ಣು ಉರಿಯುತ್ತಿದೆ ಅಂದರೆ ಅದು ಉರಿಯದೆ ಹೊರಬಂದ ಡೀಸೆಲ್.

ಅಣ್ಣ ಪರೀಕ್ಷೆ ಮಾಡಿದ್ದು ಎರಡು ರೀತಿ. ಹೀಟರಿಗೆ ಹೋಗುವ ದಪ್ಪ ವಯರಿಗೆ ಕ್ಲ್ಯಾಂಪ್ ಮೀಟರ್ (ವಯರನ್ನು ಕಚ್ಚಿ ಕರೆಂಟ್ ಅಳೆಯುವ ಮೀಟರ್) ಹಾಕಿ ನನಗೆ ಕೀ ತಿರುಗಿಸಲು ಹೇಳಿದರು. ಮೊದಲು ಜಿಗಿದು ಆಮೇಲೆ 27 ಆಂಪಿಯರಿಗೆ ನಿಂತಿತು. "ನಾಲ್ಕೂ ಜೀವಂತ ಇದ್ದರೆ ಐವತ್ತರ ಮೇಲೆ ಇರಬೇಕು. ಎರಡು ಹೋಗಿದೆ." ಇನ್ನೂ ಒಂದು ಪಾನಾ ಮುಟ್ಟಿರಲಿಲ್ಲ, ಲೆಕ್ಕ ಆಗಿಹೋಗಿತ್ತು. ಆಮೇಲೆ ಕೀ ತೆಗೆಸಿ, ಪ್ಲಗ್ಗುಗಳ ತಲೆಯಿಂದ ವಯರ್ ಬಿಚ್ಚಿ ಮಲ್ಟಿಮೀಟರಿನಲ್ಲಿ ಓಮ್, ಅಂದರೆ ಕರೆಂಟಿಗೆ ಎಷ್ಟು ತಡೆ ಅಂತ, ನೋಡಿದರು. ಮೊದಲು ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿ 0.3 ಬರುತ್ತೆ ಅಂತ ತೋರಿಸಿದರು, ಅದನ್ನು ಕಳೆಯಬೇಕಂತೆ. ಒಂದನೇ ಪ್ಲಗ್ 0.9, ಅಂದರೆ 0.6 ಓಮ್, ಚೆನ್ನಾಗಿದೆ. ಎರಡನೆಯದು ಏನೂ ಇಲ್ಲ, ಒಳಗೆ ತಂತಿ ತುಂಡು. ಮೂರನೆಯದೂ ಅದೇ. ನಾಲ್ಕನೆಯದು 1.2. ಸಾಧಾರಣ ಮಲ್ಟಿಮೀಟರ್ ಸಾಕು, ಐದು ನಿಮಿಷದ ಕೆಲಸ. ಬ್ಯಾಟರಿ ಮಾರಿದವರು ಇದನ್ನು ಮಾಡಬಹುದಿತ್ತು. ಹಳೇ ಬ್ಯಾಟರಿ ಬಗ್ಗೆಯೂ ಕೇಳಿದೆ. ಸೆಲ್ಫ್ ಹೊಡೆಯುವಾಗ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಅನುಮಾನ ಪಡಿ ಅಂದರು. ಆ ಗ್ಯಾರೇಜಿನ ಚೀಟಿಯಲ್ಲೇ 10.4 ಅಂತ ಬರೆದಿತ್ತು. ಅದರ ಮೇಲೆ ನಾನು ಹೆಚ್ಚು ಮಾತಾಡಲ್ಲ, ಬಿಪಿ ಏರುತ್ತೆ.

ಎರಡು ಹೋಗಿದ್ದರೂ ನಾಲ್ಕನ್ನೂ ಬದಲಿಸಿದೆವು. ಎಲ್ಲಾ ಒಂದೇ ವಯಸ್ಸಿನವು. ಉಳಿದೆರಡು ಮುಂದಿನ ಚಳಿಗೆ ಕೈ ಕೊಟ್ಟರೆ ಮತ್ತೆ ಇದೇ ಪಾಡು.

ಬಿಚ್ಚುವ ಕೆಲಸ ಮಾತ್ರ ಹುಡುಗಾಟ ಅಲ್ಲ. ಹಿಂದಿನ ರಾತ್ರಿಯೇ ನಾಲ್ಕರ ಬುಡಕ್ಕೂ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದರು. ಬೆಳಿಗ್ಗೆ ಗಾಡಿ ಓಡಿಸಿ ಇಂಜಿನ್ ಬಿಸಿ ಮಾಡಿಕೊಂಡು ಬನ್ನಿ ಅಂದರು, ಬಿಸಿಗೆ ಇಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಹಿಗ್ಗಿ ಹಿಡಿತ ಸಡಿಲ ಆಗುತ್ತೆ ಅಂತ. ಒಂದು, ಎರಡು, ನಾಲ್ಕು ಸುಲಭವಾಗಿ ಬಂತು. ಮೂರನೆಯದು ಕಾಲು ಸುತ್ತು ತಿರುಗಿ ಕಿರ್‍ರ್ ಅಂತ ನಿಂತುಬಿಟ್ಟಿತು. ಅಣ್ಣನ ಕೈ ತಕ್ಷಣ ಸಡಿಲ ಆಯಿತು. ಎಣ್ಣೆ ಬಿಟ್ಟರು, ವಾಪಸ್ ಬಿಗಿ ಮಾಡಿದರು, ಮತ್ತೆ ಒಂಚೂರು ಬಿಚ್ಚಿದರು. ಕೂದಲೆಳೆಯಷ್ಟು ಮುಂದೆ, ಅರ್ಧ ಕೂದಲೆಳೆ ಹಿಂದೆ. ಇಂಜಿನ್ ಆರುತ್ತಿದೆ ಅಂತ ನಡುವೆ ಒಂದು ಸಲ ಸ್ಟಾರ್ಟ್ ಮಾಡಲೂ ಆಗಲ್ಲ, ಮೂರು ತೂತು ತೆರೆದಿದೆಯಲ್ಲ. ಹೇರ್ ಡ್ರೈಯರ್‌ನ ಅಣ್ಣ ಅನ್ನಬಹುದಾದ ಹಾಟ್ ಏರ್ ಗನ್ ಹಿಡಿದು ಆ ಜಾಗ ಬಿಸಿ ಮಾಡಿದರು. ಒಟ್ಟು ನಲವತ್ತು ನಿಮಿಷ. ಆ ಹೊತ್ತಿನಲ್ಲಿ ಅವರು ಒಂದೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ನರ ಸಿಗದ ರೋಗಿಗೆ ಡ್ರಿಪ್ ಹಾಕುವಾಗ ಪಕ್ಕದಲ್ಲಿ ನಿಂತವರು ಮಾತಾಡಬಾರದು ಅಂತ ನನಗೂ ಗೊತ್ತು. ಪ್ಲಗ್ ಒಳಗೇ ಮುರಿದರೆ ಕೊರೆದು ತೆಗೆಯಬೇಕು, ಅದೂ ಆಗದಿದ್ದರೆ ಹೆಡ್ ಇಳಿಸಬೇಕು. ಹೊರಗೆ ಬಂದಾಗ ಕಾರಣ ಕಾಣಿಸಿತು: ತುದಿ ಊದಿಕೊಂಡು, ಮಸಿ ಗಟ್ಟಿಯಾಗಿ ಕಟ್ಟಿತ್ತು. ನೀವು ಬೇರೆ ಕಡೆ ಮಾಡಿಸುವುದಾದರೆ "ಹತ್ತು ನಿಮಿಷದ ಕೆಲಸ" ಅನ್ನುವವರ ಕೈಗೆ ಕೊಡಬೇಡಿ.

ಹಾಕುವ ಮುಂಚೆ ಒಂದು ಹೊಸ ಪ್ಲಗ್ಗನ್ನು ವೈಸಿಗೆ ಕಚ್ಚಿಸಿ ಬ್ಯಾಟರಿ ಕೊಟ್ಟು ತೋರಿಸಿದರು. ನನ್ನವು 11 ವೋಲ್ಟಿನವು, ಹಾಗಾಗಿ ಆಗುತ್ತೆ. ಈಚಿನ ಕಾರುಗಳ ಕಡಿಮೆ ವೋಲ್ಟಿನ ಪ್ಲಗ್ಗಿಗೆ ನೇರ ಬ್ಯಾಟರಿ ಕೊಟ್ಟರೆ ಕ್ಷಣದಲ್ಲಿ ಸುಟ್ಟುಹೋಗುತ್ತೆ, ಮಾಡಬೇಡಿ. ಒಂದು, ಎರಡು ಅನ್ನುವಷ್ಟರಲ್ಲಿ ತುದಿ ಮಾತ್ರ ಕಡುಗೆಂಪು, ನಾಲ್ಕಕ್ಕೆ ಕಿತ್ತಳೆ, ಆಮೇಲೆ ಆ ಬಣ್ಣ ನಿಧಾನಕ್ಕೆ ಮೇಲಕ್ಕೆ ಹತ್ತಿತು. ಹಳೆಯ ನಾಲ್ಕನೆಯದನ್ನೂ ಹಾಗೇ ಇಟ್ಟರು. ಅದು ಒಂಬತ್ತು ಸೆಕೆಂಡ್ ತೆಗೆದುಕೊಂಡಿತು, ಅದೂ ನಡುವೆ ಕೆಂಪಾಯಿತೇ ಹೊರತು ತುದಿ ಕಪ್ಪಗೇ ಉಳೀತು. ಮೀಟರಿನ ಲೆಕ್ಕದಲ್ಲಿ ಅದು ಬದುಕಿತ್ತು, ಕೆಲಸದ ಲೆಕ್ಕದಲ್ಲಿ ಸತ್ತಿತ್ತು.

ಹೊಸದನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ರೆಂಚಿನಲ್ಲಿ 15 ನ್ಯೂಟನ್ ಮೀಟರ್, ಅಷ್ಟೇ. ಇದು ನನ್ನ ಕಾರಿನ ಸರ್ವಿಸ್ ಪುಸ್ತಕದ ಲೆಕ್ಕ, ನಿಮ್ಮದರಲ್ಲಿ ಬೇರೆ ಇರಬಹುದು. ಮತ್ತೆ ಕ್ಲ್ಯಾಂಪ್ ಮೀಟರ್ ಹಾಕಿದರೆ 56 ಆಂಪಿಯರ್.

ಈಗ ಫಲಿತಾಂಶ. ರೋಗಿಯ ಜ್ವರ, ನಾಡಿ, ಉಸಿರಿನ ಟಿಪಿಆರ್ ಚಾರ್ಟ್ ಬರೆಯುವ ಚಾಳಿ ಬಿಡಬೇಕಲ್ಲ, ಡೈರಿಯಲ್ಲಿ ಪ್ರತಿದಿನ ಉಷ್ಣಾಂಶ ಮತ್ತು ಸೆಲ್ಫ್ ಎಷ್ಟು ಸೆಕೆಂಡ್ ಅಂತ ಬರೆದೆ. ಪ್ಲಗ್ ಬದಲಿಸುವ ಮೊದಲು 4 ಡಿಗ್ರಿಗೆ ಏಳರಿಂದ ಹನ್ನೊಂದು ಸೆಕೆಂಡ್. ಬದಲಿಸಿದ ಮೇಲೆ ಅದೇ 4 ಡಿಗ್ರಿಗೆ ಎರಡು ಸೆಕೆಂಡಿನೊಳಗೆ. ಸೊನ್ನೆಯ ದಿನ ಎರಡು. ಅತಿ ಚಳಿ ಬಿದ್ದ ದಿನ ಮೈನಸ್ 2, ಅವತ್ತು ಮೂರು, ಗಾಜಿನ ಮೇಲೆ ಹಿಮ ಕೆರೆಯಲು ಅದಕ್ಕಿಂತ ಹೆಚ್ಚು ಹೊತ್ತು ಹಿಡೀತು. ಅಲ್ಲಾಟ ಇಲ್ಲ. ಹೊಗೆ ಬರುತ್ತೆ, ಆದರೆ ತೆಳ್ಳಗೆ, ಕಣ್ಣುರಿ ಇಲ್ಲದ್ದು. ಅಜ್ಜಿ ಮಾತ್ರ ಖುಷಿಯಾಗಿಲ್ಲ. ಗಾಡಿಯ ಕೆಮ್ಮು ನಿಂತಾಗಿನಿಂದ ಐದು ಗಂಟೆಗೆ ಎಚ್ಚರ ಆಗುತ್ತಿಲ್ಲವಂತೆ.

ಹಾಗಂತ ಪ್ಲಗ್ ಒಂದೇ ಎಲ್ಲ ಮಾಡಿಬಿಟ್ಟಿತು ಅಂತ ಅಲ್ಲ, ನನ್ನ ಕೈಯೂ ಬದಲಾಯಿತು. ಮೊದಲು ಒಂದೇ ಏಟಿಗೆ ಕೀ ಕೊನೇವರೆಗೆ ತಿರುಗಿಸಿಬಿಡುತ್ತಿದ್ದೆ, ದೀಪ ಕಂಡಿತೋ ಇಲ್ಲವೋ. ಈಗ ಮೊದಲು ಬ್ಲೋವರ್, ಹಿಂದಿನ ಗಾಜಿನ ಹೀಟರ್, ಹೆಡ್‌ಲೈಟ್ ಎಲ್ಲ ಬಂದ್. ಕೀ ಎರಡನೇ ಹಂತಕ್ಕೆ. ಬಾನೆಟ್ ಒಳಗಿಂದ ರಿಲೇ ಟಕ್ ಅನ್ನುತ್ತೆ, ಕಾರಿನೊಳಗೆ ತಲೆ ಮೇಲಿನ ದೀಪ ಒಂಚೂರು ಮಂಕಾಗುತ್ತೆ. ಹೀಟರ್ ಕರೆಂಟ್ ಎಳೆಯುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಹಳದಿ ದೀಪ ಆರಿದ ಮೇಲೂ ಒಂದೆರಡು ಸೆಕೆಂಡ್ ಬಿಡುತ್ತೇನೆ, ಪ್ಲಗ್ ಇನ್ನೂ ಕಾಯುತ್ತಲೇ ಇರುತ್ತೆ. ಕ್ಲಚ್ ಪೂರ್ತಿ ಒತ್ತಿ ಹಿಡಿದು, ಗೇರ್‌ಬಾಕ್ಸಿನ ಗಟ್ಟಿ ಎಣ್ಣೆ ಕಲಕುವ ಭಾರ ಸೆಲ್ಫಿನ ಮೇಲೆ ಬೀಳದ ಹಾಗೆ, ಆಮೇಲೆ ಸೆಲ್ಫ್. ಆಕ್ಸಿಲರೇಟರ್ ಮುಟ್ಟೋದಿಲ್ಲ. ಕಾಮನ್ ರೈಲಿನಲ್ಲಿ ಎಷ್ಟು ಡೀಸೆಲ್ ಬೇಕು ಅಂತ ಕಂಪ್ಯೂಟರ್ ತಾನೇ ಲೆಕ್ಕ ಹಾಕುತ್ತೆ, ನಾವು ಒತ್ತಿದರೆ ಉಪಕಾರ ಏನಿಲ್ಲ. ಇನ್ನೊಂದು ತಪ್ಪು ಮಾಡುತ್ತಿದ್ದೆ: ಒಂದು ಸಲ ಟಪ್ ಅಂದ ಕೂಡಲೇ ಕೀ ಬಿಡುತ್ತಿದ್ದೆ. ನಾಲ್ಕೂ ಸಿಲಿಂಡರ್ ಎತ್ತಿಕೊಂಡು ಸದ್ದು ಒಂದಾಗುವವರೆಗೆ ಹಿಡಿಯಬೇಕು. ಹತ್ತು ಸೆಕೆಂಡಿಗೂ ಹತ್ತದಿದ್ದರೆ ಬಿಟ್ಟು, ಒಂದು ನಿಮಿಷ ಸೆಲ್ಫಿಗೆ ವಿಶ್ರಾಂತಿ ಕೊಟ್ಟು, ಮತ್ತೆ ಕೀ ತಿರುಗಿಸಿ ದೀಪದಿಂದ ಶುರು.

ಬಟನ್ ಸ್ಟಾರ್ಟ್ ಇರುವವರಿಗೆ ಈ ತಲೆನೋವು ಕಡಿಮೆ. ಕ್ಲಚ್ಚೋ ಬ್ರೇಕೋ ಒತ್ತಿ ಬಟನ್ ಒತ್ತಿದರೆ ಸಾಮಾನ್ಯವಾಗಿ ಗಾಡಿ ತಾನೇ ಹೀಟರ್ ಕಾಯಿಸಿ ಆಮೇಲೆ ಸೆಲ್ಫ್ ಹೊಡೆಯುತ್ತೆ. ಒತ್ತಿದ ಮೇಲೆ ಒಂದೆರಡು ಸೆಕೆಂಡ್ ಸುಮ್ಮನಿದ್ದರೆ ಕೆಟ್ಟಿದೆ ಅಂತ ಮತ್ತೆ ಮತ್ತೆ ಒತ್ತಬೇಡಿ, ಒಳಗೆ ಹೀಟರ್ ಬಿಸಿಯಾಗುತ್ತಿದೆ.

ಹತ್ತಿದ ಮೇಲೆ ಅರ್ಧ ನಿಮಿಷ, ಜಾಸ್ತಿ ಅಂದರೆ ಒಂದು ನಿಮಿಷ ನಿಲ್ಲಿಸಿ ಮೆತ್ತಗೆ ಹೊರಡುತ್ತೇನೆ. ಎಣ್ಣೆ ಟರ್ಬೋವರೆಗೆ ಹೋಗಲಿ ಅಂತ. ಅರ್ಧ ಗಂಟೆ ನಿಲ್ಲಿಸಿ ಬಿಸಿ ಮಾಡುವವರನ್ನು ನೋಡಿದ್ದೇನೆ. ನಿಂತ ಡೀಸೆಲ್ ಇಂಜಿನ್ ಬಿಸಿಯಾಗೋದು ಬಹಳ ನಿಧಾನ, ಮೆಲ್ಲಗೆ ಓಡಿಸಿದರೇ ಬೇಗ.

ಈ ಪ್ಲಗ್ಗಿನಿಂದ ಆಗದ ಕೆಲಸಗಳೂ ಇವೆ. ಸತ್ತ ಬ್ಯಾಟರಿಯನ್ನು ಇದು ಎಬ್ಬಿಸಲ್ಲ, ಬದಲಿಗೆ ಇರುವ ಕರೆಂಟನ್ನೂ ಕುಡಿಯುತ್ತೆ. ಮೈನಸ್ 18ರ ಹೊತ್ತಿಗೆ ಒಳ್ಳೆಯ ಬ್ಯಾಟರಿಯ ಶಕ್ತಿಯೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ಇಂಜಿನ್ ಎಣ್ಣೆಯೂ ಲೆಕ್ಕಕ್ಕೆ ಬರುತ್ತೆ. 15ಡಬ್ಲ್ಯೂ ಎಣ್ಣೆಯನ್ನು ಮೈನಸ್ 20ರಲ್ಲಿ ತಿರುಗಿಸಿ ಪರೀಕ್ಷೆ ಮಾಡಿರುತ್ತಾರೆ, 5ಡಬ್ಲ್ಯೂ ಆದರೆ ಮೈನಸ್ 30ರಲ್ಲಿ. ಡಬ್ಲ್ಯೂ ಅಂದರೆ ವಿಂಟರ್. ನಾನು ಈ ಸಲ ಪುಸ್ತಕ ಒಪ್ಪುವ 5ಡಬ್ಲ್ಯೂ-30 ಹಾಕಿಸಿದೆ, ಆ ಎರಡು ಸೆಕೆಂಡಿನಲ್ಲಿ ಅದರ ಪಾಲೂ ಇರಬಹುದು. ಇನ್ನು ಡೀಸೆಲ್ಲೇ ಗಟ್ಟಿಯಾದರೆ ಯಾವ ಹೀಟರೂ ಏನೂ ಮಾಡಲ್ಲ. ಚಳಿ ಜಾಸ್ತಿಯಾದಾಗ ಡೀಸೆಲ್ಲಿನಲ್ಲಿರುವ ಮೇಣ ಹರಳುಗಟ್ಟಿ ಫಿಲ್ಟರ್ ಕಟ್ಟುತ್ತೆ. ಲಕ್ಷಣ ಬೇರೆ: ಗಾಡಿ ಚೆನ್ನಾಗಿ ಸ್ಟಾರ್ಟ್ ಆಗಿ, ಸ್ವಲ್ಪ ದೂರ ಹೋಗಿ, ಎಳೆತ ಕಳೆದುಕೊಂಡು ನಿಲ್ಲುತ್ತೆ. ಅದಕ್ಕೆ ಚಳಿಗಾಲದ ದರ್ಜೆಯ ಡೀಸೆಲ್ ಹಾಕಿಸಬೇಕು. ಹಿಂದೆ ಲಾರಿಯವರು ಪೆಟ್ರೋಲೋ ಸೀಮೆಎಣ್ಣೆಯೋ ಬೆರೆಸುತ್ತಿದ್ದರಲ್ಲ ಅಂತ ಕೇಳಿದ್ದಕ್ಕೆ ಅಣ್ಣ ಕೈ ಮುಗಿದರು. ಕಾಮನ್ ರೈಲ್ ಪಂಪ್ ಸವೆಯದ ಹಾಗೆ ನೋಡಿಕೊಳ್ಳುವ ಎಣ್ಣೆಯೂ ಡೀಸೆಲ್ಲೇ. ಪೆಟ್ರೋಲ್ ಬೆರೆಸಿದರೆ ಪಂಪ್ ಸವೆದು ಲೋಹದ ಪುಡಿ ಇಂಜೆಕ್ಟರಿಗೆ ಹೋಗುತ್ತೆ.

ಡಬ್ಬಿಯ ದೂರು. ಕಂಪನಿ ಹೆಸರು ಬರೆಯಲ್ಲ, ಈ ಅಳತೆಯ ಪ್ಲಗ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಾಲ್ಕು ಪ್ಲಗ್ ಬೇರೆ ಬೇರೆ ರಟ್ಟಿನ ಕೊಳವೆಯಲ್ಲಿ ಚೆನ್ನಾಗೇ ಬಂತು. ಆದರೆ ಎಷ್ಟು ಬಿಗಿ ಮಾಡಬೇಕು ಅಂತ ಒಂದು ಸಾಲು ಕಾಗದ ಇಲ್ಲ, ವೋಲ್ಟ್ ಎಷ್ಟು ಅಂತ ಡಬ್ಬಿ ಮೇಲೆ ಎಲ್ಲೂ ಇಲ್ಲ. ಪ್ಲಗ್ಗಿನ ಆರು ಮೂಲೆಯ ಜಾಗದಲ್ಲಿ ಸೂಜಿಯಲ್ಲಿ ಗೀಚಿದ ಹಾಗೆ 11ವಿ ಅಂತ ಇದೆ, ಅದನ್ನು ಓದಲು ನನ್ನ ಫೋನಿನ ಕ್ಯಾಮೆರಾ ಜೂಮ್ ಮಾಡಬೇಕಾಯಿತು. ಇದೇ ಥ್ರೆಡ್, ಇದೇ ಉದ್ದದಲ್ಲಿ ಕಡಿಮೆ ವೋಲ್ಟಿನವೂ ಸಿಗುತ್ತೆ. ನೋಡಲು ಒಂದೇ ಥರ, ತಪ್ಪಿ ಹಾಕಿದರೆ ಮೊದಲ ಬೆಳಿಗ್ಗೆಗೇ ಸುಟ್ಟುಹೋಗುತ್ತೆ. ಆರ್ಡರ್ ಮಾಡುವಾಗ ಡಬ್ಬಿಯ ಚಿತ್ರ ನಂಬಬೇಡಿ. ಹಳೇ ಪ್ಲಗ್ ಮೇಲಿನ ನಂಬರ್, ಅದು ಓದಲು ಬರದಿದ್ದರೆ ಕಾರಿನ ಚಾಸಿಸ್ ನಂಬರ್ ಕೊಟ್ಟು ಕೇಳಿ. ರಿಲೇ ಮಾತ್ರ ನನ್ನದು ಇನ್ನೂ ಒಂಬತ್ತು ವರ್ಷದ ಹಳೆಯದೇ. ಒಂದು ತಂದು ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಿ ಅಂದಿದ್ದಾರೆ ಅಣ್ಣ, ಮುಂದಿನ ಚಳಿ ಬರುವುದರೊಳಗೆ ತರಬೇಕು.